ಏಳನೇ ಅಂಕಣದ ಖಾಲಿ ಬಸ್ಸು

ನಮ್ಮ ಮನೆಯಲ್ಲಿ ದ್ರಾಕ್ಷಿಯನ್ನು ಇಡಿಯಾಗಿ ಯಾರೂ ತಿನ್ನುವುದಿಲ್ಲ. ಮೊಮ್ಮಗನಿಗೆ ಹತ್ತು ತುಂಬಿದೆ. ಆದರೂ ಅವನ ತಟ್ಟೆಗೆ ದ್ರಾಕ್ಷಿ ಬೀಳುವುದು ಉದ್ದಕ್ಕೆ ಸೀಳಿದ ನಾಲ್ಕು ಹೋಳಾಗಿಯೇ. "ಅಜ್ಜಿ, ನನ್ ಫ್ರೆಂಡ್ಸೆಲ್ಲ ನಗ್ತಾರೆ" ಎಂದು ಗೊಣಗುತ್ತಾನೆ. ನಗಲಿ. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಒಂದು ಬೇಸಿಗೆಯ ಸಂಜೆ ಒಂದೇ ಒಂದು ದ್ರಾಕ್ಷಿ ಏನು ಮಾಡಿತು ಎಂಬುದನ್ನು ಕಿಟಕಿಯಿಂದ ಕಣ್ಣಾರೆ ನೋಡಿದ್ದೇನೆ. ಇವತ್ತಿಗೂ ಹಣ್ಣಿನಂಗಡಿಯಲ್ಲಿ ಗೊಂಚಲು ಕಂಡರೆ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ.

ಹೋದ ತಿಂಗಳು ಇಬ್ಬರು ಹುಡುಗಿಯರು ಮನೆ ಹುಡುಕಿಕೊಂಡು ಬಂದಿದ್ದರು. ಇಬ್ಬರೂ ಹೊಸದಾಗಿ ಈ ಕೆಲಸಕ್ಕೆ ಬಂದವರು. "ಮೇಡಂ, ಟ್ರೈನಿಂಗಲ್ಲಿ ಫಾರಂ ತುಂಬೋದೊಂದೇ ಹೇಳ್ಕೊಟ್ರು. ಕಂಟ್ರೋಲ್ ರೂಮಲ್ಲಿ ಕೂತ್ಮೇಲೆ ನಿಜವಾಗ್ಲೂ ಏನಾಗುತ್ತೆ ಅಂತ ನೀವು ಹೇಳ್ಬೇಕು" ಎಂದರು. ಕಾಫಿ ಆರುವಷ್ಟು ಹೊತ್ತು ಹೇಳಿದೆ. ಮುಖ್ಯವಾದದ್ದಕ್ಕೆ ಬರುವಷ್ಟರಲ್ಲಿ ಅವರಿಗೆ ಡ್ಯೂಟಿಗೆ ಹೊತ್ತಾಯಿತು. ಹಾಗಾಗಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಮಾರಂಭದಲ್ಲಿ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಬರುವುದಿಲ್ಲ.

ನಾನು ಹುಟ್ಟಿದ್ದು ಇದೇ ಊರಿನ ನೇಕಾರರ ಮನೆಯಲ್ಲಿ. ಮನೆಯ ಅರ್ಧ ನಮಗೆ, ಇನ್ನರ್ಧ ನಾಲ್ಕು ಪವರ್‌ಲೂಮ್ ಮಗ್ಗಗಳಿಗೆ. ಬೆಳಿಗ್ಗೆ ಮಗ್ಗ ಶುರುವಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ. ಆ ಸದ್ದಿನಿಂದ ಮನೆಮಂದಿಗೆಲ್ಲ ಎರಡು ಅಭ್ಯಾಸವಾಗಿತ್ತು. ಜೋರಾಗಿ ಮಾತಾಡುವುದು ಒಂದು, ತುಟಿ ನೋಡಿ ಮಾತು ತಿಳಿಯುವುದು ಇನ್ನೊಂದು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ದನಿಯನ್ನೇ ಹೊರಡಿಸದೆ "ಊಟಕ್ಕೆ ಬನ್ನಿ" ಎಂದರೆ ಆ ತುದಿಯಲ್ಲಿದ್ದ ಅಪ್ಪ ಮಗ್ಗ ನಿಲ್ಲಿಸುತ್ತಿದ್ದರು. ಗುಟ್ಟು ಮಾತಾಡಬೇಕಾದರೆ ಬೆನ್ನು ತಿರುಗಿಸಿ ನಿಲ್ಲಬೇಕಿತ್ತು.

ಬಿ.ಕಾಂ. ಮುಗಿಸಿ ಕಂಡಕ್ಟರ್ ಆಗಿ ಸೇರಿದೆ. ಕೆಲವು ವರ್ಷಗಳ ನಂತರ ಪರೀಕ್ಷೆ ಬರೆದು ಕಂಟ್ರೋಲ್ ರೂಮಿಗೆ ಬಂದೆ. ಅಲ್ಲಿ ನನ್ನ ಮೇಲಿದ್ದ ಹಿರಿಯ ನಿಯಂತ್ರಕರು ಹನುಮಂತರಾಯಪ್ಪನವರು. ಬಿಳಿ ಮೀಸೆ, ಸಣ್ಣ ದನಿ. ಮೊದಲನೇ ದಿನ ನನ್ನ ಮುಂದೆ ಮೈಕ್ ಇಟ್ಟು, "ಮಾತಾಡಮ್ಮ" ಎಂದರು. ನಾನು ಮಗ್ಗದ ಮನೆಯ ಗಂಟಲಲ್ಲಿ ಕೂಗಿದೆ. ಹೊರಗೆ ಕಂಬದ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

"ಮೈಕ್ ಯಾಕಮ್ಮ ಕೊಟ್ಟಿದಾರೆ ನಿಂಗೆ, ಆಫ್ ಮಾಡ್ಬಿಡು, ಕರೆಂಟಾದ್ರೂ ಉಳಿಯುತ್ತೆ" ಎಂದರು ಅವರು.

ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಆ ತಿಂಗಳಲ್ಲೇ ಆಯಿತು. ಮಧುಗಿರಿ ಬಸ್ಸನ್ನು ಮೂರನೇ ಅಂಕಣಕ್ಕೆ, ಅಂದರೆ ಮೂರನೇ ಪ್ಲಾಟ್‌ಫಾರ್ಮಿಗೆ, ತರುತ್ತೇನೆ ಎಂದು ಡ್ರೈವರ್ ಹೇಳಿದ್ದನ್ನೇ ನಂಬಿ, ಬಸ್ಸು ಕಣ್ಣಿಗೆ ಕಾಣುವ ಮೊದಲೇ ಮೈಕಿನಲ್ಲಿ ಕೂಗಿಬಿಟ್ಟೆ. ಜನ ಮೂರನೇ ಅಂಕಣಕ್ಕೆ ಓಡಿದರು. ಬಸ್ಸು ಐದನೆಯದಕ್ಕೆ ಬಂತು. ಜನ ಮತ್ತೆ ಅಲ್ಲಿಗೆ ಓಡಿದರು. ಆ ನೂಕಾಟದಲ್ಲಿ ಒಬ್ಬ ಅಜ್ಜಿ ಬಿದ್ದು ಮೊಣಕಾಲು ತರಚಿಕೊಂಡರು, ಅವರ ಬುಟ್ಟಿಯ ಅವರೆಕಾಯಿ ನೆಲದ ತುಂಬ ಚೆಲ್ಲಿತು. ಹನುಮಂತರಾಯಪ್ಪನವರು ನನ್ನನ್ನು ಬೈಯಲಿಲ್ಲ. ಹೊರಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ತಾವೂ ಕುಕ್ಕರಗಾಲಲ್ಲಿ ಕೂತು ಅವರೆಕಾಯಿ ಆರಿಸಿದರು. ಆಮೇಲೆ ಹೇಳಿದರು:

"ಮೊದ್ಲು ಬಸ್ಸು, ಆಮೇಲೆ ಮಾತು. ಬಸ್ ಕಣ್ಣಿಗೆ ಕಾಣೋವರ್ಗೂ ಬಾಯ್ ತೆಗೀಬೇಡ. ಮೈಕು ಒಂದ್ಸಲ ಸುಳ್ಳು ಹೇಳಿದ್ರೆ, ನಾಳೆ ನಿಜ ಹೇಳಿದ್ರೂ ಯಾರೂ ಎದ್ದು ನಿಲ್ಲಲ್ಲ."

ಅವತ್ತಿನಿಂದ ಹಾಗೆಯೇ ನಡೆದೆ. ಒಂದೇ ಒಂದು ಸಂಜೆ ಬಿಟ್ಟು.

ಅವರು ಕಲಿಸಿದ ಇನ್ನೊಂದು ಪಾಠವಿದೆ. ಸಂತೆಯ ದಿನ ಒಂದೇ ಅಂಕಣದಲ್ಲಿ ಜನ ಕಿಕ್ಕಿರಿದು ಬಸ್ಸು ಒಳಗೆ ಬರಲಾಗದೆ ನಿಂತಿತ್ತು. ನಾನು ಮೈಕಿನಲ್ಲಿ "ದಯವಿಟ್ಟು ಸರಿಯಿರಿ" ಎಂದು ಹತ್ತು ಸಲ ಹೇಳಿದೆ. ಒಬ್ಬರೂ ಅಲುಗಲಿಲ್ಲ. ಹನುಮಂತರಾಯಪ್ಪನವರು ಮುಗುಳ್ನಕ್ಕು ಒಬ್ಬ ಡ್ರೈವರನ್ನು ಕರೆದು ಆ ತುದಿಯಲ್ಲಿ ಒಂದು ಬಸ್ಸು ನಿಲ್ಲಿಸಿದರು. ಮೈಕ್ ತೆಗೆದುಕೊಂಡು ಸಣ್ಣ ದನಿಯಲ್ಲಿ, "ಬಸ್ಸು ಆ ಕಡೆ ಇದೆ, ಖಾಲಿ ಇದೆ" ಎಂದರು. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಕಣ ಬರಿದಾಯಿತು.

"ಸರೀರಿ ಅಂದ್ರೆ ಯಾರ್ ಸರೀತಾರೆ? ಹೋಗೋಕೊಂದು ಜಾಗ ತೋರಿಸ್ಬೇಕು. ಖಾಲಿ ಅನ್ನೋದೊಂದು ಮಾತು ಸೇರಿಸ್ಬೇಕು" ಎಂದರು.

ಅವರು ನಿವೃತ್ತರಾದ ಮೇಲೆ ಆ ಕುರ್ಚಿಯಲ್ಲಿ ನಾನು ಕೂತೆ. ಸೀಮೆಸುಣ್ಣದ ಹಲಗೆ ಹೋಗಿ ಕಂಪ್ಯೂಟರ್ ಬಂತು. ಬಸ್ಸು ಎಲ್ಲಿದೆ ಎಂದು ತಿಳಿಯಲು ಹಿಂದಿನ ನಿಲ್ದಾಣಕ್ಕೆ ಫೋನ್ ಮಾಡಿ ಕಾಯುತ್ತಿದ್ದದ್ದು ಹೋಗಿ ಪರದೆಯ ಮೇಲೆ ಚುಕ್ಕಿ ಓಡಾಡತೊಡಗಿತು. ಒಳ್ಳೆಯದೇ. ಆದರೆ ಹಳೆಯ ಪದ್ಧತಿಯಲ್ಲಿ ಒಂದು ಲಾಭವಿತ್ತು. ದೇವನಹಳ್ಳಿಯ ನಿಯಂತ್ರಕರ ಮಗಳ ಮದುವೆ ಯಾವಾಗ, ಹೊಸಕೋಟೆಯ ನಿಯಂತ್ರಕರಿಗೆ ಸೊಂಟನೋವು ಹೇಗಿದೆ ಎಂಬುದೆಲ್ಲ ನಮಗೆ ಗೊತ್ತಿರುತ್ತಿತ್ತು. ಆ ಪರಿಚಯದಿಂದಲೇ ಒಮ್ಮೆ ಒಂದು ಮದುವೆ ಉಳಿಯಿತು. ನಮ್ಮ ಬೀದಿಯ ನೇಕಾರರೊಬ್ಬರು ಮದುವೆಮನೆಗೆ ಕೊಡಬೇಕಾದ ಸೀರೆಗಳ ಗಂಟನ್ನು ಹೊಸಕೋಟೆ ಬಸ್ಸಿನಲ್ಲಿಟ್ಟು, ಬೀಡಾ ಹಾಕಿಕೊಂಡು ಬರುತ್ತೇನೆಂದು ಕೆಳಗಿಳಿದರು. ಬಸ್ಸು ಹೊರಟುಹೋಯಿತು. ನಾನು ದೇವನಹಳ್ಳಿಗೆ ಫೋನ್ ಮಾಡಿದೆ, ಬಸ್ಸು ದಾಟಿಹೋಗಿತ್ತು. ಅಲ್ಲಿನ ನಿಯಂತ್ರಕರು ಬೂದಿಗೆರೆಯ ಚಹಾ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವನು ರಸ್ತೆಗಿಳಿದು ಬಸ್ಸಿಗೆ ಕೈ ಅಡ್ಡ ಹಿಡಿದ. ಎದುರಿನಿಂದ ಬರುತ್ತಿದ್ದ ನಮ್ಮ ಡ್ರೈವರ್ ಬಾಷಾ ಆ ಗಂಟನ್ನು ತಮ್ಮ ಸೀಟಿನ ಹಿಂದಿಟ್ಟುಕೊಂಡು ವಾಪಸ್ ತಂದರು.

ಈ ಬಾಷಾ ಅವರನ್ನು ನೆನಪಿಟ್ಟುಕೊಳ್ಳಿ. ಇದೇ ಊರಿನವರು, ಮನೆಯಲ್ಲಿ ದಖನಿ ಉರ್ದು, ಹೊರಗೆ ನಮ್ಮೆಲ್ಲರಿಗಿಂತ ಚೆನ್ನಾದ ಕನ್ನಡ. ಮೈಕಿನಲ್ಲಿ ಕರೆದರೆ ಅರ್ಧ ಕುಡಿದ ಟೀ ಬಿಟ್ಟು ಏಳುವ ಡ್ರೈವರ್ ಅವರೊಬ್ಬರೇ. ಉಳಿದವರು, "ಲೇ ಬಾಷಾ, ಟೀ ಆದ್ರೂ ಮುಗಿಸೋ, ಬಸ್ಸೇನು ಓಡೋಗುತ್ತಾ" ಎಂದು ರೇಗಿಸುತ್ತಿದ್ದರು. "ಮೈಕಲ್ಲಿ ಹೇಳಿದ್ಮೇಲೆ ಮುಗೀತು ಕಣೋ" ಎಂದು ಅವರು ಎದ್ದು ಹೋಗುತ್ತಿದ್ದರು.

ಇನ್ನು ಆ ಸಂಜೆ.

ನಾನು ನಿವೃತ್ತಳಾಗುವುದಕ್ಕೆ ಎರಡು ವರ್ಷ ಮೊದಲು. ದ್ರಾಕ್ಷಿಯ ಕಾಲ. ಸುತ್ತಲಿನ ತೋಟಗಳಿಂದ ಹಣ್ಣು ಬಂದು ನಿಲ್ದಾಣದ ಬಾಗಿಲಲ್ಲೆಲ್ಲ ಬುಟ್ಟಿಗಳು. ಗಾರ್ಮೆಂಟ್ಸ್ ಕಾರ್ಖಾನೆಗಳು ಬಿಡುವ ಹೊತ್ತು, ಹೆಂಗಸರು ಗುಂಪುಗುಂಪಾಗಿ ಬರುತ್ತಿದ್ದರು. ಗೌರಿಬಿದನೂರು ಕಡೆಯ ಎರಡು ಬಸ್ಸು ಒಂದರ ಹಿಂದೊಂದು ಕೆಟ್ಟು ನಿಂತಿದ್ದವು. ಒಂದು ಗಂಟೆಯಿಂದ ಆ ಮಾರ್ಗಕ್ಕೆ ಬಸ್ಸಿಲ್ಲ. ಎರಡನೇ ಅಂಕಣದಲ್ಲಿ, ಸರಿಯಾಗಿ ನನ್ನ ಕಿಟಕಿಯ ಮುಂದೆ, ಕಾಲಿಡಲು ಜಾಗವಿಲ್ಲದಷ್ಟು ಜನ. "ಏನ್ ಮೇಡಂ, ನಿಮ್ ಬಸ್ಸು ಮದ್ವೆಗೆ ಹೋಗೈತಾ" ಎಂದು ಒಬ್ಬರು, "ಇವತ್ತಿಂದಾ ನಾಳೆದಾ ಹೇಳ್ಬಿಡಿ, ಚಾಪೆ ತರ್ತೀವಿ" ಎಂದು ಇನ್ನೊಬ್ಬರು. ನಾನು ತಾಳ್ಮೆಯಿಂದ ಉತ್ತರಿಸುತ್ತಿದ್ದೆ.

ಕಿಟಕಿಯಿಂದ ನಾಲ್ಕು ಮಾರು ದೂರದ ಕಲ್ಲುಬೆಂಚಿನ ಮೇಲೆ ಒಬ್ಬ ಅಜ್ಜಿ, ಪಕ್ಕದಲ್ಲಿ ಹಸಿರು ಫ್ರಾಕಿನ ಹೆಣ್ಣುಮಗು. ಮೂರು ವರ್ಷವಿರಬಹುದು. ಅಜ್ಜಿ ಗೊಂಚಲಿನಿಂದ ಒಂದೊಂದೇ ದ್ರಾಕ್ಷಿ ಕಿತ್ತು ಕೊಡುತ್ತಿದ್ದರು, ಮಗು ಬೆಂಚಿನ ಮೇಲೆ ಕುಣಿಯುತ್ತ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಮಗುವಿನ ಹೆಸರು ಹರ್ಷಿತ ಎಂದು ಆಮೇಲೆ ತಿಳಿಯಿತು. ಕುಣಿಯುತ್ತಿದ್ದ ಮಗು ನಿಂತಿತು. ಬಾಯಿ ತೆರೆಯಿತು. ಕೆಮ್ಮಲಿಲ್ಲ, ಅಳಲಿಲ್ಲ. ಸದ್ದೇ ಬರಲಿಲ್ಲ.

ಆ ಸದ್ದಿಲ್ಲದ ಬಾಯಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ತುಟಿ ಓದುತ್ತ ಬೆಳೆದವಳು ನಾನು. ಆ ತುಟಿಯಲ್ಲಿ ಓದಲು ಏನೂ ಇರಲಿಲ್ಲ.

ಅಜ್ಜಿ ನೋಡಿದರು. "ಅಯ್ಯೋ, ನೆತ್ತಿಗೆ ಹತ್ತೈತೆ" ಎಂದು ಮಗುವಿನ ನೆತ್ತಿಯನ್ನು ಪಟಪಟ ತಟ್ಟಿದರು. "ಮೇಲೆ ನೋಡಮ್ಮ, ಮೇಲೆ ನೋಡು, ನಿಮ್ಮಮ್ಮ ನೆನೆಸ್ಕೊಂತಾವ್ಳೆ" ಎಂದು ಗಲ್ಲ ಎತ್ತಿ ಹಿಡಿದರು. ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ. ನನಗೂ ಅಮ್ಮ ಹಾಗೆಯೇ ತಟ್ಟಿದ್ದಾರೆ, ನನ್ನ ಮಕ್ಕಳಿಗೆ ನಾನೂ ತಟ್ಟಿದ್ದೇನೆ. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನಾನೂ ಕಿಟಕಿಯಿಂದ, "ನೆತ್ತಿ ತಟ್ಟಿ ಅಜ್ಜಿ, ನೀರು ಕುಡಿಸಿ" ಎಂದೇ ಕೂಗಿದೆ. ಯಾರೋ ಬಾಟಲಿ ಕೊಟ್ಟರು. ನೀರು ಹೋದ ದಾರಿಯಲ್ಲೇ ವಾಪಸ್ ಬಂದು ಫ್ರಾಕು ನೆನೆಯಿತು. ಮಗುವಿನ ತುಟಿಯ ಬಣ್ಣ ಬದಲಾಗತೊಡಗಿತು.

ಆಗ ನಾನು ಆ ಸಂಜೆಯ ಎರಡನೇ ತಪ್ಪು ಮಾಡಿದೆ. ಮೈಕ್ ಹಿಡಿದು, "ಎರಡನೇ ಅಂಕಣದಲ್ಲಿ ಒಂದು ಮಗುವಿಗೆ ಉಸಿರು ಕಟ್ಟಿದೆ. ಡಾಕ್ಟರ್ ಯಾರಾದರೂ ಇದ್ದರೆ ತಕ್ಷಣ ಬನ್ನಿ" ಎಂದು ಕೂಗಿದೆ. ಡಾಕ್ಟರ್ ಯಾರೂ ಬರಲಿಲ್ಲ. ಇಡೀ ನಿಲ್ದಾಣ ಬಂತು. ಒಂದನೇ ಅಂಕಣದವರು, ಕ್ಯಾಂಟೀನಿನವರು, ಹೊರಗಡೆ ಆಟೋ ಕಾಯುತ್ತಿದ್ದವರು, ಎಲ್ಲರೂ. ಕೆಟ್ಟ ಮನಸ್ಸಿನಿಂದ ಬಂದವರು ಒಬ್ಬರೂ ಇಲ್ಲ. ಒಬ್ಬರು ಆಂಬ್ಯುಲೆನ್ಸಿಗೆ ಫೋನ್ ಮಾಡುತ್ತಿದ್ದರು, ಇನ್ನೊಬ್ಬರು ಬಾಳೆಹಣ್ಣು ನುಂಗಿಸಿ ಎನ್ನುತ್ತಿದ್ದರು, ಮತ್ತೊಬ್ಬರು ಬಾಯಿಗೆ ಬೆರಳು ಹಾಕಲು ಹೋಗುತ್ತಿದ್ದರು. ನಾಲ್ಕು ಸುತ್ತು, ಐದು ಸುತ್ತು ಜನ. ನಾನು ಎತ್ತರದಲ್ಲಿ ಕೂತಿದ್ದರಿಂದ ನಡುವಿನ ಹಸಿರು ಫ್ರಾಕು ಮಾತ್ರ ಕಾಣುತ್ತಿತ್ತು. ಅದು ಈಗ ಅಜ್ಜಿಯ ತೋಳಿನಲ್ಲಿ ಜೋತುಬಿದ್ದಿತ್ತು.

"ಜಾಗ ಬಿಡಿ, ಗಾಳಿ ಬಿಡಿ" ಎಂದು ಮೈಕಿನಲ್ಲಿ ಬೇಡಿಕೊಂಡೆ. ಪ್ರತಿಯೊಬ್ಬರೂ ಪಕ್ಕದವರಿಗೆ "ಜಾಗ ಬಿಡ್ರೀ" ಎಂದರು. ಒಬ್ಬರೂ ತಾವು ಬಿಡಲಿಲ್ಲ.

ಆಗ ಅವಳು ಕಣ್ಣಿಗೆ ಬಿದ್ದಳು. ಗುಂಪಿನ ಹೊರಗೆ ಒಬ್ಬ ಕುಳ್ಳಗಿನ ಹೆಂಗಸು, ಮೂವತ್ತರ ಆಸುಪಾಸು. ಕೊರಳಲ್ಲಿ ಕಾರ್ಖಾನೆಯ ಕಾರ್ಡು, ಕೈಯಲ್ಲಿ ಊಟದ ಬ್ಯಾಗು. ಒಳಗೆ ನುಗ್ಗಲು ನೋಡುತ್ತಿದ್ದಳು. ಎತ್ತರದ ಗಂಡಸೊಬ್ಬ ಮೊಣಕೈಯಿಂದ ತಡೆದ. ಅವನ ತುಟಿಯಲ್ಲಿ, "ಎಲ್ ನುಗ್ತೀಯಮ್ಮ" ಎಂದು ಕಂಡಿತು. ಅವಳು ಬ್ಯಾಗನ್ನು ನೆಲಕ್ಕೆಸೆದು ಮತ್ತೆ ನುಗ್ಗಿದಳು, ಮತ್ತೆ ಹೊರಗೆ ಬಂದಳು. ಬಾಯಿಬಿಟ್ಟು ಕೂಗುತ್ತಿದ್ದಳು. ಆ ಗದ್ದಲದಲ್ಲಿ ಅವಳ ದನಿ ಅವಳ ಪಕ್ಕದವನಿಗೂ ಕೇಳುತ್ತಿರಲಿಲ್ಲ. ನನಗೆ ಗಾಜಿನ ಈಚೆಯಿಂದ ಪೂರ್ತಿ ಕೇಳಿಸಿತು.

"ನಂಗ್ ಗೊತ್ತು. ಬಿಡ್ರಣ್ಣ. ನಂಗ್ ಮಾಡಕ್ ಬರುತ್ತೆ."

ಒಂದೇ ಮಾತನ್ನು ಮತ್ತೆ ಮತ್ತೆ. ನಂಗ್ ಮಾಡಕ್ ಬರುತ್ತೆ.

ಎಷ್ಟು ಹೊತ್ತಾಗಿತ್ತೋ ನನಗೆ ತಿಳಿಯದು. ಗಡಿಯಾರ ನನ್ನ ತಲೆಯ ಮೇಲೇ ಇತ್ತು, ನೋಡಲಿಲ್ಲ. ಅವಳನ್ನು ಒಳಗೆ ಬಿಡಬೇಕಾದರೆ ಐದು ಸುತ್ತು ಜನ ಕರಗಬೇಕು. ಸರಿಯಿರಿ ಎಂದರೆ ಸರಿಯುವುದಿಲ್ಲ. ಹೋಗಲು ಒಂದು ಜಾಗ ತೋರಿಸಬೇಕು. ತೋರಿಸಲು ನನ್ನ ಹತ್ತಿರ ಬಸ್ಸಿರಲಿಲ್ಲ.

ಮೈಕ್ ಬಾಯಿಗೆ ಹತ್ತಿರ ತಂದೆ. ಪ್ರತಿದಿನ ಹೇಳುವ ಅದೇ ದನಿಯಲ್ಲಿ ಹೇಳಿದೆ:

"ಪ್ರಯಾಣಿಕರ ಗಮನಕ್ಕೆ. ಗೌರಿಬಿದನೂರು, ಹಿಂದೂಪುರ ಮಾರ್ಗದ ಬಸ್ಸು ಏಳನೇ ಅಂಕಣದಿಂದ ಈಗ ಹೊರಡಲಿದೆ. ಬಸ್ಸು ಖಾಲಿ ಇದೆ. ಮತ್ತೊಮ್ಮೆ ಹೇಳುತ್ತೇನೆ, ಏಳನೇ ಅಂಕಣ, ಖಾಲಿ ಬಸ್ಸು."

ಏಳನೇ ಅಂಕಣ ನಿಲ್ದಾಣದ ಆ ತುದಿ. ಅಲ್ಲಿ ಒಂದು ನಾಯಿ ಮಲಗಿತ್ತು, ಅಷ್ಟೆ.

ಮೊದಲು ಹೊರಗಿನ ಸುತ್ತು ಹೋಯಿತು. ಅವರಿಗೆ ಒಳಗಿನದೇನೂ ಕಾಣುತ್ತಿರಲಿಲ್ಲ. ಒಂದು ಗಂಟೆ ಕಾದವರು ಬೇರೆ. ಒಬ್ಬ ಓಡಿದ್ದನ್ನು ನೋಡಿ ಹತ್ತು ಜನ ಓಡಿದರು, ಹತ್ತು ಜನರನ್ನು ನೋಡಿ ಐವತ್ತು. ಗೌರಿಬಿದನೂರಿಗೆ ಹೋಗಬೇಕಾಗಿಲ್ಲದವರೂ ಓಡಿದರು. ಹಿಂದಿನಿಂದ ಒತ್ತುವವರು ಇಲ್ಲವಾದ್ದರಿಂದ ಒಳಗಿನವರು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ನಡುವೆ ದಾರಿ ಬಿತ್ತು.

"ಕೊರಳಲ್ಲಿ ಕಾರ್ಡಿರೋ ಅಮ್ಮ, ನೀನು ಹೋಗು" ಎಂದೆ. ಮೈಕನ್ನು ಕಿಟಕಿಯ ಗಾಜಿನ ಕೆಳಗೆ ತೆರೆದಿದ್ದ ಕಟ್ಟೆಯ ಮೇಲಿಟ್ಟು ಹೊರಗೋಡಿದೆ. ಅದನ್ನು ಆಫ್ ಮಾಡಲು ಮರೆತಿದ್ದೆ.

ನಾನು ಬಾಗಿಲು ದಾಟುವಷ್ಟರಲ್ಲಿ ಅವಳು ಮಗುವನ್ನು ಅಜ್ಜಿಯ ಕೈಯಿಂದ ಕಿತ್ತುಕೊಂಡು, ನಮ್ಮ ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಬರುವಂತೆ ಬಾಗಿಸಿ, ಅಂಗೈಯ ಬುಡದಿಂದ ಎರಡು ಭುಜದ ನಡುವೆ ಹೊಡೆದಳು. "ಒಂದು. ಎರಡು. ಮೂರು. ನಾಲ್ಕು. ಐದು." ತಿರುಗಿಸಿ ಬಾಯಿ ನೋಡಿದಳು. ಏನೂ ಇಲ್ಲ.

ಅಜ್ಜಿ ಅವಳ ಕೈ ಹಿಡಿದುಕೊಂಡರು. "ಹೊಡೀಬೇಡಮ್ಮ, ಕೂಸು ಸತ್ತೋಗುತ್ತೆ. ನನ್ ಮಗ್ಳು ಕೆಲ್ಸದಿಂದ ಬಂದ್ರೆ ನಾನೇನ್ ಹೇಳ್ಲಿ."

"ಹಿಡ್ಕೊಳ್ರಿ ಇವ್ರನ್ನ" ಎಂದಳು ಅವಳು, ತಲೆ ಎತ್ತದೆ. ನಾನು ಅಜ್ಜಿಯನ್ನು ಅಪ್ಪಿ ಹಿಡಿದುಕೊಂಡೆ.

ಅವಳು ಮಗುವನ್ನು ನಿಲ್ಲಿಸಿಕೊಂಡು, ಹಿಂದಿನಿಂದ ತೋಳು ಬಳಸಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಒತ್ತಿದಳು. ಮತ್ತೆ ಐದು ಎಣಿಸಿದಳು. ಇಲ್ಲ. ಮಗುವಿನ ಕಾಲು ನೆಲಕ್ಕೆ ತಾಗುತ್ತಿದ್ದರೂ ನಿಲ್ಲುತ್ತಿರಲಿಲ್ಲ. ಮತ್ತೆ ತೊಡೆಯ ಮೇಲೆ ಬೋರಲು ಹಾಕಿಕೊಂಡಳು. "ಒಂದು. ಎರಡು. ಮೂರು." ನಾಲ್ಕು ಎನ್ನುವಾಗ ಅವಳ ದನಿ ಒಡೆಯಿತು. ಆದರೂ ನಾಲ್ಕು ಎಂದಳು, ಹೊಡೆದಳು.

ದ್ರಾಕ್ಷಿ ನನ್ನ ಚಪ್ಪಲಿಯ ಹತ್ತಿರ ಬಂದು ಬಿತ್ತು. ಇಡಿಯಾಗಿಯೇ ಇತ್ತು.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮಗು ಉಸಿರೆಳೆದ ಸದ್ದು ಕೇಳಿತು. ಹಳೆಯ ಬಾಗಿಲು ತೆರೆದಂಥ ಸದ್ದು. ಅದರ ಹಿಂದೆಯೇ ಅಳು.

ಆ ಅಳು ನಮ್ಮ ಮುಂದಿನಿಂದ ಮಾತ್ರ ಬರಲಿಲ್ಲ. ಮೇಲಿನಿಂದ ಬಂತು, ಹಿಂದಿನಿಂದ ಬಂತು, ಹೊರಬಾಗಿಲಿನ ಕಂಬದಿಂದ ಬಂತು, ಏಳನೇ ಅಂಕಣದ ಚಾವಣಿಯಿಂದ ಬಂತು. ಕಟ್ಟೆಯ ಮೇಲಿನ ಮೈಕ್ ಆನ್ ಆಗಿಯೇ ಇತ್ತು. ಆ ಹೆಂಗಸು ಎಣಿಸಿದ ಪ್ರತಿಯೊಂದು ಅಂಕಿಯನ್ನೂ ಇಡೀ ನಿಲ್ದಾಣ ಕೇಳಿಸಿಕೊಂಡಿತ್ತು. ಏಳನೇ ಅಂಕಣದಲ್ಲಿ ಬಸ್ಸಿಲ್ಲದ್ದನ್ನು ಕಂಡು ನನ್ನನ್ನು ಬೈಯಲು ಶುರುಮಾಡಿದ್ದವರು, ಸ್ಪೀಕರಿನಲ್ಲಿ 'ಒಂದು, ಎರಡು' ಕೇಳಿ ಬಾಯಿ ಮುಚ್ಚಿದ್ದರಂತೆ. ಎರಡನೇ ಸಲ 'ಐದು' ಎಂದ ಮೇಲೆ ಯಾರೂ ಅಲುಗಾಡಲಿಲ್ಲವಂತೆ. ಇದೆಲ್ಲ ಆಮೇಲೆ ಅಲ್ಲಿದ್ದವರು ಹೇಳಿದ್ದು. ಆಗ ನನಗೆ ಕೇಳಿದ್ದು ಇಷ್ಟೆ: ಮಗುವಿನ ಅಳು ಸ್ಪೀಕರಿನಲ್ಲಿ ಮೊಳಗಿತು, ಆ ತುದಿಯಿಂದ ನೂರಾರು ಜನರ ಕೂಗು ಎದ್ದಿತು, ಶಿಳ್ಳೆ ಬಿತ್ತು, ನಿಂತಿದ್ದ ಬಸ್ಸುಗಳ ಡ್ರೈವರುಗಳು ಒಬ್ಬೊಬ್ಬರಾಗಿ ಹಾರ್ನ್ ಒತ್ತತೊಡಗಿದರು. ಅಳುವಿನಲ್ಲಿ ಅಷ್ಟು ಸಂತೋಷವಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಜ್ಜಿ ನೆಲದ ಮೇಲೆ ಕೂತು ಆ ಹೆಂಗಸಿನ ಪಾದ ಹಿಡಿಯಲು ಹೋದರು. ಅವಳು ಕಾಲು ಹಿಂದಕ್ಕೆಳೆದುಕೊಂಡು, "ಬೇಡಮ್ಮ, ಹಂಗೆಲ್ಲ ಮಾಡ್ಬಾರ್ದು. ಕೂಸ್ನ ಎತ್ಕೊಳಿ, ಆಸ್ಪತ್ರೆಗೆ ತೋರಿಸ್ಲೇಬೇಕು. ಹೊಟ್ಟೆ ಒತ್ತಿದೀನಿ" ಎಂದಳು.

"ನಿನ್ ಹೆಸ್ರೇನಮ್ಮ?" ಎಂದೆ.

"ಮಂಜುಳ. ಗಾರ್ಮೆಂಟ್ಸಲ್ಲಿ ಟೈಲರ್ ಮೇಡಂ. ನಮ್ ಲೈನಿಗೆ ಒಬ್ರು ಫಸ್ಟ್ ಏಡ್ ಕಲೀಬೇಕು ಅಂತ ಹೇಳಿದ್ರು. ಯಾರೂ ಕೈ ಎತ್ಲಿಲ್ಲ, ನಾನೆತ್ತಿದೆ. ಗೊಂಬೆ ಮೇಲೆ ಮಾತ್ರ ಮಾಡಿದ್ದೆ." ಅಷ್ಟು ಹೇಳಿ, ತನ್ನ ಎರಡು ಕೈಗಳನ್ನೂ ಮುಂದೆ ಹಿಡಿದು ನೋಡಿಕೊಂಡಳು.

ಅವಳನ್ನು ತಡೆದಿದ್ದ ಎತ್ತರದ ಗಂಡಸು ಅವಳ ಊಟದ ಬ್ಯಾಗನ್ನು ಧೂಳು ಕೊಡವಿ ತಂದು ಕೊಟ್ಟ. "ತಪ್ಪಾಯ್ತಕ್ಕ" ಎಂದ. ಹೊರಗೆ ಒಂದು ಆಟೋ ಆಗಲೇ ತಿರುಗಿ ನಿಂತಿತ್ತು. ಅಜ್ಜಿ, ಮಗು, ಮಂಜುಳ ಮೂವರೂ ಅದರಲ್ಲಿ ಆಸ್ಪತ್ರೆಗೆ ಹೋದರು. ಮಗು ಆಟೋದಿಂದಲೂ ಅಳುತ್ತಿತ್ತು.

ನಾನು ಒಳಗೆ ಬಂದು ಮೈಕ್ ನೋಡಿದೆ. ಈಗ ಅದರಲ್ಲಿ ನಾನು ಹೇಳಬೇಕಾದದ್ದು ಒಂದಿತ್ತು: ಬಸ್ಸಿಲ್ಲ, ನಾನು ಹೇಳಿದ್ದು ಸುಳ್ಳು. ಅಷ್ಟು ವರ್ಷ ಕಾದುಕೊಂಡು ಬಂದದ್ದು ಹೋಯಿತು. ಹೋದರೆ ಹೋಗಲಿ, ಮಗು ಉಳಿಯಿತು ಎಂದುಕೊಂಡು ಮೈಕ್ ಎತ್ತಿದೆ.

ಬಾಯಿ ತೆರೆಯುವ ಮೊದಲು ಏಳನೇ ಅಂಕಣದ ಕಡೆ ನೋಡಿದೆ. ಅಲ್ಲಿ ಒಂದು ಬಸ್ಸು ಬಂದು ನಿಂತಿತ್ತು.

ಖಾಲಿ ಬಸ್ಸು. ಡ್ರೈವರ್ ಸೀಟಿನಲ್ಲಿ ಬಾಷಾ. ಅವರ ಡ್ಯೂಟಿ ಮುಗಿದು, ಬಸ್ಸನ್ನು ಡಿಪೋಗೆ ಒಯ್ಯುವ ಮೊದಲು ನಿಲ್ದಾಣದ ಹಿಂಭಾಗದಲ್ಲಿ ಟೀ ಕುಡಿಯುತ್ತಿದ್ದರು. ಅವರ ಕಂಡಕ್ಟರ್ ಬಾಗಿಲಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುತ್ತ, ನನ್ನ ಕಡೆ ನೋಡಿ, ಇದೇನು ಮೇಡಂ ಎಂಬಂತೆ ಕೈ ತಿರುಗಿಸಿದ. ನಾನು ಓಡಿದೆ.

"ಬಾಷಾ ಅವ್ರೇ, ನಿಮ್ಮನ್ನ ಯಾರು ಬರೋಕೆ ಹೇಳಿದ್ದು?"

"ನೀವೇ ಮೇಡಂ. ಮೈಕಲ್ಲಿ. ಏಳನೇ ಅಂಕಣ, ಖಾಲಿ ಬಸ್ಸು ಅಂದ್ರಿ. ಸ್ಟ್ಯಾಂಡಲ್ಲಿ ಖಾಲಿ ಬಸ್ಸು ಅಂದ್ರೆ ನಂದೊಂದೇ. ಬಂದ್ಬಿಟ್ಟೆ."

"ನಾನು ಸುಮ್ನೆ ಹೇಳಿದ್ದು. ಜನ ಸರೀಲಿ ಅಂತ."

ಅವರು ಹಿಂತಿರುಗಿ ಬಸ್ಸಿನೊಳಗೆ ನೋಡಿದರು. ಸೀಟುಗಳೆಲ್ಲ ತುಂಬಿ ನಿಂತವರೂ ಇದ್ದರು.

"ಈಗ ಇಳೀರಿ ಅಂತ ಇವ್ರಿಗೆ ಯಾರು ಹೇಳೋದು? ನೀವು ಹೇಳ್ತೀರಾ?" ಎಂದರು.

"ನಾನಂತೂ ಹೇಳಲ್ಲ."

"ನಾನೂ ಹೇಳಲ್ಲ. ಮನೇಗೊಂದು ಫೋನ್ ಮಾಡ್ಬಿಡಿ ಮೇಡಂ, ಲೇಟಾಗ್ತೀನಿ ಅಂತ" ಎಂದು ಗೇರ್ ಹಾಕಿದರು. ಬಸ್ಸು ಗೌರಿಬಿದನೂರಿಗೆ ಹೊರಟಿತು. ಕಿಟಕಿಯಿಂದ ಜನ ನನಗೆ ಕೈ ಬೀಸುತ್ತಿದ್ದರು. ಸ್ವಲ್ಪ ಹೊತ್ತಿನ ಮೊದಲು ಮದುವೆ, ಚಾಪೆ ಎಂದು ರೇಗಿಸಿದ್ದವರೂ ಅವರೇ.

ಇನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಮಂಜುಳ ಫೋನ್ ಮಾಡಿದಳು. ಮಗುವಿಗೆ ಏನೂ ತೊಂದರೆಯಿಲ್ಲ. ಅವರಮ್ಮ ಬಂದಿದ್ದಾಳೆ. ನರ್ಸ್ ಒಬ್ಬರು ಚುಚ್ಚುಮದ್ದು ಹಿಡಿದು ಬಂದದ್ದನ್ನು ನೋಡಿ ಹರ್ಷಿತ "ಬೇಡ" ಎಂದು ಕೂಗಿ ಅವರ ಕೈ ಕಚ್ಚಿದ್ದಾಳೆ. ನಾನು ಫೋನ್ ಇಟ್ಟು, ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಈ ಸಲ ಮೈಕ್ ಆಫ್ ಆಗಿದೆಯೇ ಎಂದು ನೋಡಿಕೊಂಡೆ.

ಮಾರನೇ ದಿನ ಡಿಪೋದಿಂದ ಪತ್ರ ಬಂತು. ಪಟ್ಟಿಯಲ್ಲಿಲ್ಲದ ಟ್ರಿಪ್ಪನ್ನು ಯಾರ ಅನುಮತಿಯಿಂದ ಓಡಿಸಲಾಯಿತು, ಲಿಖಿತ ವಿವರಣೆ ಕೊಡಬೇಕು. ಕೇಳಬೇಕಾದದ್ದೇ. ನಾನು ಎಲ್ಲವನ್ನೂ ಬರೆದೆ. ನೆತ್ತಿ ತಟ್ಟಲು ಹೇಳಿದ್ದು, ಮೈಕಿನಲ್ಲಿ ಜನ ಸೇರಿಸಿದ್ದು, ಕೊನೆಗೆ 'ಸುಳ್ಳು ಪ್ರಕಟಣೆ ಮಾಡಿದ್ದೇನೆ, ಅದಕ್ಕೆ ನಾನೊಬ್ಬಳೇ ಹೊಣೆ, ಚಾಲಕರದು ತಪ್ಪಿಲ್ಲ' ಎಂದು. ಕೊಡುವ ಮೊದಲು ಹನುಮಂತರಾಯಪ್ಪನವರ ಮನೆಗೆ ಹೋದೆ. ಅವರು ಅರಿಶಿನಕುಂಟೆಯಲ್ಲಿ ಮಗಳ ಮನೆಯಲ್ಲಿದ್ದರು. ಕಿವಿ ಮಂದವಾಗಿತ್ತು, ಕಣ್ಣು ಚೆನ್ನಾಗಿತ್ತು. ಪತ್ರವನ್ನು ಎರಡು ಸಲ ಓದಿದರು.

"ಬಸ್ ಯಾವ ಅಂಕಣದಿಂದ ಹೊರಡ್ತು?"

"ಏಳನೇದು ಸಾರ್."

"ಖಾಲಿ ಬಂದಿತ್ತಾ?"

"ಖಾಲೀನೇ ಬಂದಿತ್ತು."

"ಗೌರಿಬಿದನೂರು ಮುಟ್ತಾ?"

"ಮುಟ್ತು ಸಾರ್."

ಅವರು ನನ್ನ ಪೆನ್ನು ತೆಗೆದುಕೊಂಡು, 'ಸುಳ್ಳು' ಎಂಬ ಪದದ ಮೇಲೆ ನೀಟಾಗಿ ಒಂದು ಗೆರೆ ಎಳೆದರು. "ಇಲ್ದೇ ಇರೋದನ್ನ ಬರೀಬಾರ್ದು ಕಣಮ್ಮ" ಎಂದರು.

ಆ ಪತ್ರವನ್ನು ಹಾಗೆಯೇ ಕಾರ್ಬನ್ ಪ್ರತಿ ಸಮೇತ ಕೊಟ್ಟೆ. ಮ್ಯಾನೇಜರ್ ಓದಿ, ಹೊಡೆದುಹಾಕಿದ ಪದವನ್ನು ಸ್ವಲ್ಪ ಹೊತ್ತು ನೋಡಿ, ಕಡತಕ್ಕೆ ಸೇರಿಸಿದರು. ಮುಂದಿನ ವಾರ ಅವರೇ ಮಂಜುಳಳ ಕಾರ್ಖಾನೆಗೆ ಪತ್ರ ಬರೆದು ಅವಳನ್ನು ಡಿಪೋಗೆ ಕರೆಸಿದರು. ಅವಳು ಒಂದು ದಿನವಿಡೀ ದಪ್ಪಮೀಸೆಯ ಡ್ರೈವರು, ಕಂಡಕ್ಟರುಗಳನ್ನು ಸಾಲಾಗಿ ನಿಲ್ಲಿಸಿ, ಗೊಂಬೆಯನ್ನು ತೊಡೆಯ ಮೇಲೆ ಹಾಕಿಸಿ, "ಮೆಲ್ಲಗಲ್ಲಣ್ಣ, ಬಸ್ ಬಾಗ್ಲು ಬಡೀತೀರಲ್ಲ, ಆ ಥರ" ಎಂದು ಕಲಿಸಿದಳು. ನಾನೂ ಕಲಿತೆ. ಕೆಲವು ತಿಂಗಳ ನಂತರ ಕ್ಯಾಂಟೀನಿನಲ್ಲಿ ಯಾರೋ ಒಬ್ಬರು ಬಜ್ಜಿ ತಿನ್ನುತ್ತ ಕೆಮ್ಮಿದರು. ಅಡುಗೆಯವನು "ನೆತ್ತಿ ತಟ್ರೀ" ಎನ್ನುವಷ್ಟರಲ್ಲಿ ಐದು ಜನ ಕಂಡಕ್ಟರುಗಳು ಎದ್ದು ನಿಂತಿದ್ದರು. ಆ ಮನುಷ್ಯ ಹೆದರಿ ತಾನಾಗಿ ಸರಿಹೋದ. ಕೆಮ್ಮುವವರನ್ನು ಕೆಮ್ಮಲು ಬಿಡಬೇಕು, ಸದ್ದಿಲ್ಲದವರ ಕಡೆ ಓಡಬೇಕು ಎಂದು ಮಂಜುಳ ಮತ್ತೊಮ್ಮೆ ಬಂದು ಹೇಳಿಹೋದಳು.

ಹೊಸದಾಗಿ ಬಂದ ಹುಡುಗಿಯರೇ, ಈಗ ನಿಮ್ಮ ನಿಲ್ದಾಣಗಳಲ್ಲಿ ರೆಕಾರ್ಡ್ ಮಾಡಿಟ್ಟ ದನಿ ಮಾತಾಡುತ್ತದೆ. ಅದು ತಡವರಿಸುವುದಿಲ್ಲ, ಅಂಕಣ ತಪ್ಪುವುದಿಲ್ಲ. ಇರಲಿ. ಆದರೆ ಮೂಲೆಯಲ್ಲಿರುವ ಹಳೆಯ ಮೈಕನ್ನು ಯಾರಾದರೂ ಗುಜರಿಗೆ ಹಾಕಲು ಬಂದರೆ ಕೊಡಬೇಡಿ. ತಿಂಗಳಿಗೊಮ್ಮೆ ಧೂಳು ಒರೆಸಿ, ಆನ್ ಆಗುತ್ತದೆಯೇ ನೋಡಿಡಿ. ಕಿಟಕಿಯ ಗಾಜನ್ನೂ ಒರೆಸಿಡಿ. ಗುಂಪಿನ ಹೊರಗೆ ನಿಂತು, ನನಗೆ ಮಾಡಲು ಬರುತ್ತದೆ ಎನ್ನುತ್ತಿರುವವರು ಕಾಣಬೇಕು.

ಹೋದ ವಾರ ನಾನು ಪ್ರಯಾಣಿಕಳಾಗಿ ನಮ್ಮ ನಿಲ್ದಾಣದಲ್ಲಿ ಕೂತಿದ್ದೆ. ಶಾಲೆಯ ಚೀಲ ಹೊತ್ತ ಹುಡುಗಿಯೊಬ್ಬಳು ಅಜ್ಜಿಯ ಕೈ ಹಿಡಿದು ಬಂದಳು. ಅಜ್ಜಿ ನನ್ನನ್ನು ಗುರುತಿಸಿದರು. ಹುಡುಗಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವಳು ಅಜ್ಜಿಯ ಸೆರಗು ಜಗ್ಗುತ್ತ, ಐಸ್‌ಕ್ರೀಂ ಬೇಕೆಂದು ನಿಲ್ದಾಣಕ್ಕೆಲ್ಲ ಕೇಳುವಂತೆ ಅರಚುತ್ತಿದ್ದಳು.

"ಮೆಲ್ಲಗೆ ಮಾತಾಡೇ, ಎಲ್ರೂ ನೋಡ್ತಾವ್ರೆ" ಎಂದರು ಅಜ್ಜಿ.

"ಬಿಡಿ ಅಜ್ಜಿ, ಅರಚ್ಲಿ" ಎಂದೆ.